ವಿಮಾನ ನಿಲ್ದಾಣ ಮತ್ತು ನಮ್ಮ ಬಂಡಿ

ಕಳೆದ ತಿಂಗಳ ಸಭೆ ಮುಗಿದು, ಉಪ್ಪಿಟ್ಟು ಕಾಫಿಯ ಸರದಿಯಲ್ಲಿ ನಿಂತಿದ್ದಾಗ ಸಂಘದ ಹಿರಿಯ ಸದಸ್ಯರೊಬ್ಬರು ನನ್ನ ಭುಜ ಮುಟ್ಟಿ ಕೇಳಿದರು: “ಅಲ್ಲಯ್ಯಾ, ಮಂಗಳವಾರ ಮಗಳು ಬರ್ತಾಳೆ. ಶಂಷಾಬಾದಿನ ಏರ್‌ಪೋರ್ಟಿನಲ್ಲಿ ಮೋಟಾರ್ ಸೈಕಲ್ ಬಿಡೋದಕ್ಕೆ ಜಾಗ ಇದೆಯೋ, ಇಲ್ಲವೋ?”

ಇದೆ ಎಂದೆ. ದ್ವಿಚಕ್ರ ವಾಹನಗಳಿಗೆಂದೇ ಬೇರೆ ಜಾಗವಿದೆ, ಚೀಟಿ ಕೊಡುತ್ತಾರೆ, ಬಿಟ್ಟಷ್ಟು ಹೊತ್ತಿಗೆ ದುಡ್ಡು ತೆಗೆದುಕೊಳ್ಳುತ್ತಾರೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. “ಬೇಗಂಪೇಟೆಯಲ್ಲಿ ಈ ಪ್ರಶ್ನೆಯನ್ನ ನಾನು ಯಾರನ್ನೂ ಕೇಳಿರಲಿಲ್ಲ ನೋಡು” ಎಂದು ಕಾಫಿ ಲೋಟ ಹಿಡಿದು ಹೊರಟುಹೋದರು. ಅವರು ಮರೆತಿರಬಹುದು, ನನಗೆ ಮರೆಯಲಾಗಲಿಲ್ಲ. ವಿಮಾನದ ಇತಿಹಾಸವನ್ನು ಬರೆದವರು ಎಷ್ಟೋ ಜನ. ವಿಮಾನ ನಿಲ್ದಾಣದ ಹೊರಗೆ ನಿಂತ ಗಾಡಿಯ ಇತಿಹಾಸವನ್ನು ಯಾರಾದರೂ ಬರೆದರೇ ಎಂದು ಯೋಚಿಸುತ್ತಾ ಹೋದಾಗ ಸಿಕ್ಕಿದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಟಾಟಾದವರ ಟಪಾಲು ವಿಮಾನದ ಮೊದಲ ಹಾರಾಟ 1932ರ ಅಕ್ಟೋಬರ್ 15ರಂದು. ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೇಲಾಗಿ ಬೊಂಬಾಯಿಗೆ ಹಾರಿದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಎಂಬ ಸಹೋದ್ಯೋಗಿ ನಮ್ಮ ಬಳ್ಳಾರಿಯಲ್ಲಿಳಿದು ಮದರಾಸಿಗೆ ಮುಟ್ಟಿಸಿದರು. ಅಹಮದಾಬಾದಿನಲ್ಲಿ ವಿಮಾನಕ್ಕೆ ಬೇಕಾದ ಪೆಟ್ರೋಲ್ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದಿದ್ದವು. ಎಂದರೆ ನಮ್ಮಲ್ಲಿ ವಿಮಾನಕ್ಕಾಗಿ ಕಾದು ನಿಂತ ಮೊದಮೊದಲ ವಾಹನಗಳಲ್ಲಿ ಒಂದು ಬಂಡಿ. ಈ ಹೈದರಾಬಾದಿನಲ್ಲಿ ತೆಲುಗಿನವರು ಸ್ಕೂಟರಿಗೂ ಮೋಟಾರ್ ಸೈಕಲ್ಲಿಗೂ ‘ಬಂಡಿ’ ಎಂದೇ ಹೇಳುತ್ತಾರೆ. ಹುಟ್ಟಿದಾಗಿನಿಂದ ಜೀಡಿಮೆಟ್ಲಾದಲ್ಲಿರುವ ನನ್ನ ಬಾಯಿಗೂ ಅದೇ ಬರುತ್ತದೆ. ಊರಿಗೆ ಹೋದಾಗ “ಬಂಡಿ ಎಲ್ಲಿ ನಿಲ್ಲಿಸಲಿ?” ಎಂದು ಕೇಳಿ, ಎತ್ತು ಎಲ್ಲಿವೆ ಎಂದು ಅಜ್ಜಿಯ ಕೈಲಿ ಕೇಳಿಸಿಕೊಂಡಿದ್ದೇನೆ.

ಬೇಗಂಪೇಟೆಯ ಕಥೆಯೂ ಹೆಚ್ಚು ಕಡಿಮೆ ಆ ಕಾಲದ್ದೇ. ಹೈದರಾಬಾದ್ ಏರೋ ಕ್ಲಬ್ಬಿನವರು 1930ರ ದಶಕದಲ್ಲಿ ಅಲ್ಲಿ ಹಾರಾಟ ಆರಂಭಿಸಿದರು. 1937ರಲ್ಲಿ ಟರ್ಮಿನಲ್ ಕಟ್ಟಡವಾಯಿತು. ನಿಜಾಮ್ ಸರ್ಕಾರವೂ ಟಾಟಾದವರೂ ಸೇರಿ 1945ರಲ್ಲಿ ಡೆಕ್ಕನ್ ಏರ್‌ವೇಸ್ ಕಟ್ಟಿದರು. 1953ರ ರಾಷ್ಟ್ರೀಕರಣದಲ್ಲಿ ಅದು ಇಂಡಿಯನ್ ಏರ್‌ಲೈನ್ಸಿನೊಳಗೆ ಕರಗಿತು. ಆ ಮೊದಲ ಕಟ್ಟಡವಿದ್ದದ್ದು ಓಟದಾರಿಯ ಉತ್ತರಕ್ಕೆ, ಬೋಯಿನಪಲ್ಲಿಯ ಮಗ್ಗುಲಿಗೆ. 1972ರಲ್ಲಿ ದಕ್ಷಿಣದ ಕಡೆ, ಬೇಗಂಪೇಟೆಯ ಹೆದ್ದಾರಿಗೆ ಮುಖ ಮಾಡಿ ಹೊಸ ಟರ್ಮಿನಲ್ ಬಂತು. ಬೋಯಿನಪಲ್ಲಿಯ ರಸ್ತೆಗೆ ‘ಓಲ್ಡ್ ಏರ್‌ಪೋರ್ಟ್ ರೋಡ್’ ಎಂಬ ಹೆಸರು ಮಾತ್ರ ಉಳಿಯಿತು. ಬೆಂಗಳೂರಿನಲ್ಲಿಯೂ ಎಚ್.ಎ.ಎಲ್. ಕಡೆಯ ರಸ್ತೆಗೆ ಇದೇ ಹೆಸರು. ವಿಮಾನ ನಿಲ್ದಾಣ ಎದ್ದು ಹೋದರೂ ರಸ್ತೆಗೆ ಅದರ ನೆನಪು ಹೋಗುವುದಿಲ್ಲ ಎಂದು ಕಾಣುತ್ತದೆ.

ವಿಮಾನ ನಿಲ್ದಾಣಕ್ಕೆ ಜನ ಸಾಮಾನ್ಯರು ಸುಳಿಯಲೇ ಆಗದ ಕಾಲವೂ ನಮ್ಮ ಸೀಮೆಯಲ್ಲಿತ್ತು. 1948ರಲ್ಲಿ ಭಾರತ ಸರ್ಕಾರಕ್ಕೂ ನಿಜಾಮರಿಗೂ ಬಿಗಿಯಾಗಿದ್ದಾಗ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದವನು ಕರಾಚಿಯಿಂದ ಲಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಆಯುಧ ತುಂಬಿಕೊಂಡು ಬಂದು ಬೀದರ್, ವರಂಗಲ್ಲುಗಳಲ್ಲಿ ಇಳಿಸುತ್ತಿದ್ದ. ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ಅದು ಮುಗಿಯಿತು. ಬೀದರಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಈಗ ಗಾಡಿಯ ವಿಚಾರ. ನನ್ನ ತಂದೆ ಬೆಂಗಳೂರಿನ ಜಾಲಹಳ್ಳಿಯ ಎಚ್.ಎಂ.ಟಿ.ಯಿಂದ 1974ರಲ್ಲಿ ವರ್ಗವಾಗಿ ಇಲ್ಲಿಗೆ ಬಂದವರು. ಹೈದರಾಬಾದಿನ ಘಟಕ 1965ರಲ್ಲಿ ಆರಂಭವಾಗಿತ್ತು. ಸುತ್ತ ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶ ಆಗತಾನೇ ಬೆಳೆಯುತ್ತಿದ್ದ ದಿನಗಳು. ದುಂಡಿಗಲ್ಲಿನ ವಾಯುಸೇನಾ ಅಕಾಡೆಮಿ ದೂರವಿಲ್ಲದ್ದರಿಂದ ನಮ್ಮ ನೆತ್ತಿಯ ಮೇಲೆ ಬೆಳಗಿನ ಹೊತ್ತು ತರಬೇತಿ ವಿಮಾನಗಳ ಗುಂಯ್‌ಗುಡುವಿಕೆ. ವಿಮಾನವೆಂದರೆ ನಮಗೆ ಕಾಗೆ ಗುಬ್ಬಚ್ಚಿಗಳಷ್ಟೇ ಪರಿಚಯ. ಹತ್ತಿದವರು ಮಾತ್ರ ಕೇರಿಯಲ್ಲಿ ಯಾರೂ ಇರಲಿಲ್ಲ.

ತಂದೆ 1983ರಲ್ಲಿ ಎರಡನೇ ಕೈ ಎಜ್ದಿ ಕೊಂಡರು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಇರಾನಿ ಮನೆತನದವರು ಚೆಕೊಸ್ಲೊವಾಕಿಯದ ಜಾವಾದವರ ಸಹಯೋಗದಿಂದ 1961ರಲ್ಲಿ ಆರಂಭಿಸಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಒದ್ದು ಚಾಲೂ ಮಾಡುವ ಕಿಕ್ಕರೇ ಗೇರಿನ ಸನ್ನೆಯೂ ಆಗುವ ಉಪಾಯ ಆ ಗಾಡಿಯದು. ಬೇರೆ ಗಾಡಿಯವರು ಹತ್ತಿದರೆ ಗೇರು ಎಲ್ಲಿ ಎಂದು ಹುಡುಕುತ್ತಿದ್ದರು. ನಮ್ಮ ಪಕ್ಕದ ಮನೆಯವರದು ‘ಪುಷ್ಪಕ್’ ಸ್ಕೂಟರು, ಇದೇ ಊರಿನ ಹೈದರಾಬಾದ್ ಆಲ್ವಿನ್ ಕಂಪನಿಯವರು ಮಾಡಿದ್ದು. ‘ಪುಷ್ಪಕ್’ ಎಂಬ ವಿಮಾನವೂ ಇತ್ತೆಂಬುದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಬೆಂಗಳೂರಿನ ಎಚ್.ಎ.ಎಲ್. ಕಟ್ಟಿದ, 1958ರಲ್ಲಿ ಮೊದಲು ಹಾರಿದ ಎರಡು ಆಸನದ ಪುಟ್ಟ ವಿಮಾನ ಅದು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿ ಅದರಲ್ಲೇ ಹಾರಲು ಕಲಿತರು. ಒಂದು ಪುಷ್ಪಕ ಆಕಾಶದಲ್ಲಿ, ಇನ್ನೊಂದು ಪಕ್ಕದ ಮನೆಯ ಹಜಾರದಲ್ಲಿ. ಮೂರನೆಯ ಪುಷ್ಪಕ ಬರುವುದಿದೆ.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತನ್ನು ನುಂಗಿತು. ನಮ್ಮ ಚಿಕ್ಕಪ್ಪ ಅಲ್ಲಿ ಫಿಟ್ಟರ್ ಆಗಿದ್ದರು. ಪತ್ರವಿಲ್ಲ, ಫೋನಿಲ್ಲ. ಕುವೈತಿನಲ್ಲಿದ್ದ ಭಾರತೀಯರು ಬಸ್ಸುಗಳಲ್ಲಿ ಮರಳುಗಾಡು ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದ್ದು, ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಅಕ್ಟೋಬರ್ ತನಕ ಹಗಲು ರಾತ್ರಿಯೆನ್ನದೆ ಒಂದು ಲಕ್ಷಕ್ಕೂ ಮೀರಿ ಜನರನ್ನು ಬೊಂಬಾಯಿಗೆ ತಂದದ್ದು ವಾಚಕರಿಗೆ ನೆನಪಿರಬಹುದು. ಸೆಪ್ಟೆಂಬರಿನಲ್ಲಿ ಒಂದು ದಿನ ಬೊಂಬಾಯಿಯಿಂದ ತಂತಿ ಬಂತು. ಚಿಕ್ಕಪ್ಪ ಬಂದಿಳಿದಿದ್ದಾರೆ, ಸ್ನೇಹಿತರು ಹೈದರಾಬಾದಿಗೆ ವಿಮಾನದ ಟಿಕೆಟ್ಟು ಕೊಡಿಸುತ್ತಿದ್ದಾರೆ. ಯಾವ ದಿನವೆಂದು ಮಾತ್ರ ಅದರಲ್ಲಿಲ್ಲ.

ತಂದೆ ಅಂದು ಕಾರ್ಖಾನೆಯಿಂದ ಬಂದವರೇ ಮುಖ ತೊಳೆದು ಬೇಗಂಪೇಟೆಗೆ ಹೊರಟರು. ನನಗೆ ಒಂಬತ್ತು ವರ್ಷ. ಪೆಟ್ರೋಲ್ ಟ್ಯಾಂಕಿನ ಮೇಲೆ ಕೂತು ಹೋದೆ. ಬಾಲಾನಗರ, ಬೋಯಿನಪಲ್ಲಿ, ಪ್ಯಾರಡೈಸ್, ರಸೂಲ್‌ಪುರ. ಹತ್ತು ಹನ್ನೆರಡು ಕಿಲೋಮೀಟರು, ಅರ್ಧ ಗಂಟೆಯ ಹಾದಿ. ಗಾಡಿಗಳ ಸಾಲಿನಲ್ಲಿ ಎಜ್ದಿಯನ್ನು ನಿಲ್ಲಿಸಿ, ಪೆಟ್ರೋಲಿನ ಕೊಳಾಯಿ ತಿರುಗಿಸಿ, ಚೀಟಿ ಜೇಬಿಗಿಟ್ಟುಕೊಂಡು ಹೋಗಿ ಜನರು ಹೊರಬರುವ ಬಾಗಿಲಿನೆದುರು ನಿಂತೆವು. ಸಂಜೆಯ ವಿಮಾನ ಬಂತು. ಚಿಕ್ಕಪ್ಪ ಬರಲಿಲ್ಲ. ಮರುದಿನವೂ ಹೋದೆವು. ಮರುದಿನವೂ ಬರಲಿಲ್ಲ. ಮೂರನೆಯ ಸಂಜೆ, ಎಲ್ಲರೂ ಹೊರಬಂದಾದ ಮೇಲೆ, ಗಡ್ಡ ಬೆಳೆದ ಒಬ್ಬ ಮನುಷ್ಯ ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದ. ತಂದೆ ಹೆಸರು ಹಿಡಿದು ಕೂಗುವವರೆಗೆ ನನಗೆ ಗುರುತು ಸಿಗಲಿಲ್ಲ. ಎರಡು ವರ್ಷದ ಸಂಪಾದನೆಯಲ್ಲಿ ಉಳಿದದ್ದು ಆ ಚೀಲ. ಹಿಂದಿನ ಸೀಟಿನಲ್ಲಿ ಚಿಕ್ಕಪ್ಪ, ಮುಂದೆ ನಾನು, ನಡುವೆ ತಂದೆ. ದಾರಿಯಲ್ಲಿ ಯಾರೂ ಮಾತಾಡಿದ ನೆನಪಿಲ್ಲ.

ಆ ಮೂರು ದಿನ ಗಾಡಿ ಬಿಟ್ಟ ಖರ್ಚು ಎಷ್ಟೆಂದು ನಂತರ ತಂದೆಯನ್ನು ಕೇಳಿದ್ದೆ. ಅವರಿಗೆ ನೆನಪೇ ಇರಲಿಲ್ಲ. ನೆನಪಿಡುವಷ್ಟು ಇರಲಿಲ್ಲವೆಂದೇ ಅರ್ಥ. ಬರುತ್ತಾರೋ ಇಲ್ಲವೋ ತಿಳಿಯದವರಿಗಾಗಿ ಮೂರು ದಿನ ಹೋಗಿ ಕಾಯಲು ಸಾಧ್ಯವಾದದ್ದು ನಿಲ್ದಾಣ ಊರೊಳಗಿತ್ತೆಂದು, ಗಾಡಿಯ ಜಾಗ ಬಾಗಿಲಿಗೆ ಹತ್ತಿರವಿತ್ತೆಂದು, ಚೀಟಿ ಅಗ್ಗವಾಗಿತ್ತೆಂದು. ಈ ಮೂರೂ ಒಂದೊಂದಾಗಿ ಹೋದವು.

ಮೊದಲು ಬಾಗಿಲು ದೂರವಾಯಿತು. ಇದಕ್ಕೆ ಯಾರನ್ನೂ ದೂರುವಂತಿಲ್ಲ. 1984ರ ಆಗಸ್ಟ್ 2ರಂದು ಮದರಾಸಿನ ಮೀನಂಬಾಕ್ಕಂ ನಿಲ್ದಾಣದಲ್ಲಿ ಬಾಂಬು ಸಿಡಿದು 30ಕ್ಕೂ ಹೆಚ್ಚು ಮಂದಿ ಸತ್ತರು. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಜನ ತೀರಿಕೊಂಡರು. 1987ರ ಏಪ್ರಿಲಿನಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರಿನಲ್ಲಿ ಕಾಠ್ಮಂಡುವಿನ ವಿಮಾನವನ್ನು ಕಂದಹಾರಕ್ಕೆ ಹೊತ್ತೊಯ್ದ ಮೇಲೆ, 2000ದಿಂದ ನಿಲ್ದಾಣಗಳ ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಕೈಗೆ ಬಂತು. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಉರಿಯುವ ಜೀಪನ್ನು ಟರ್ಮಿನಲ್ಲಿನ ಬಾಗಿಲಿಗೇ ನುಗ್ಗಿಸಿದರು. ಕಟ್ಟಡಕ್ಕೆ ಹತ್ತಿರ ನಿಂತ ಗಾಡಿಯನ್ನು ಸಂಶಯದಿಂದ ನೋಡುವುದು ಇಷ್ಟಾದ ಮೇಲೆ ಸಹಜವೇ. ಎಜ್ದಿ ಏನು ಪಾಪ ಮಾಡಿತ್ತು ಎಂದು ಕೇಳಿದರೆ ಉತ್ತರವಿಲ್ಲ, ಅಷ್ಟೇ.

ಆಮೇಲೆ ಊರೇ ದೂರವಾಯಿತು. ಶಂಷಾಬಾದಿನಲ್ಲಿ ಸುಮಾರು 5,500 ಎಕರೆಯಲ್ಲಿ ಕಟ್ಟಿದ ಹೊಸ ನಿಲ್ದಾಣ 2008ರ ಮಾರ್ಚ್ 23ರಂದು ಆರಂಭವಾಯಿತು. ಅಂದೇ ಬೇಗಂಪೇಟೆಯಲ್ಲಿ ಸಾರ್ವಜನಿಕ ವಿಮಾನಗಳು ನಿಂತವು. ಎರಡು ತಿಂಗಳ ನಂತರ, ಮೇ 24ರಂದು, ಬೆಂಗಳೂರಿನಲ್ಲಿಯೂ ಹಾಗೆಯೇ: ದೇವನಹಳ್ಳಿ ತೆರೆಯಿತು, ಎಚ್.ಎ.ಎಲ್. ಮುಚ್ಚಿತು. ಹಳೆಯ ನಿಲ್ದಾಣಗಳನ್ನು ಮುಚ್ಚಬಾರದೆಂದು ವಿಮಾನ ನಿಲ್ದಾಣ ಪ್ರಾಧಿಕಾರದ ನೌಕರರು ಆ ಮಾರ್ಚಿನಲ್ಲಿ ದೇಶಾದ್ಯಂತ ಮುಷ್ಕರ ಹೂಡಿದ್ದುಂಟು, ಪ್ರಯೋಜನವಾಗಲಿಲ್ಲ. ಒಪ್ಪಂದಗಳಲ್ಲೇ ಹಾಗೆ ಬರೆದಿತ್ತು. 150 ಕಿಲೋಮೀಟರಿನೊಳಗೆ ಇನ್ನೊಂದು ನಿಲ್ದಾಣ ಬರಬಾರದೆಂಬ ಷರತ್ತೂ ಇತ್ತು. ಅದಕ್ಕೆ ಸಿಕ್ಕಿಕೊಂಡದ್ದು ನಮ್ಮ ಬೀದರ್. ವಾಯುಸೇನೆಯ ಓಟದಾರಿ ಎದುರಿಗೇ ಇದ್ದರೂ ಬೀದರಿನವರು ವಿಮಾನ ಹಿಡಿಯಲು ಶಂಷಾಬಾದಿಗೆ ಬರಬೇಕಾಗಿತ್ತು. ಅಡ್ಡಿಗಳೆಲ್ಲ ಕಳೆದು ಅಲ್ಲಿಂದ ಮೊದಲ ನಾಗರಿಕ ವಿಮಾನ ಹಾರಿದ್ದು 2020ರ ಫೆಬ್ರುವರಿ 7ರಂದು. ಅದರ ಸುದ್ದಿ ಓದಿದಾಗ ನನಗೆ ಮೊದಲು ಹೊಳೆದದ್ದು, ಅಲ್ಲಿ ಗಾಡಿ ಬಿಡಲು ಎಷ್ಟು ಹತ್ತಿರ ಎಂಬುದು!

ನ್ಯಾಯವಾಗಿ ಹೇಳಬೇಕೆಂದರೆ ಬೇಗಂಪೇಟೆಗೆ ಬೆಳೆಯಲು ಜಾಗವಿರಲಿಲ್ಲ. ಸುತ್ತ ಮನೆಗಳು, ಮೇಲೆ ವಿಮಾನಗಳು. ಹೊಸ ನಿಲ್ದಾಣ ಬೇಕಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ನನ್ನ ತಕರಾರು ಅಲ್ಲಿಗೆ ಹೋಗುವ ದಾರಿಯದು. ಊರ ಸುತ್ತ 158 ಕಿಲೋಮೀಟರಿನ ನೆಹರೂ ಹೊರವರ್ತುಲ ರಸ್ತೆ ಮಾಡಿದರು. ಗಚ್ಚಿಬೌಲಿಯಿಂದ ಶಂಷಾಬಾದಿನ ಭಾಗ 2008ರಲ್ಲೇ ತೆರೆಯಿತು. ಅದರ ಮೇಲೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ವೇಗದ ರಸ್ತೆ, ಪ್ರಾಣಾಪಾಯ, ನಿಜ. ಆದ್ದರಿಂದ ನಾವು ಒಂದೋ ಕೆಳಗಿನ ಸರ್ವಿಸ್ ರಸ್ತೆಯಲ್ಲಿ ಲಾರಿಗಳ ನಡುವೆ ಹೋಗಬೇಕು, ಇಲ್ಲವೇ ಮೂಸಾಪೇಟೆ, ಮೆಹದೀಪಟ್ನಂ, ಆರಾಂಘರ್ ಎಂದು ಊರನ್ನೆಲ್ಲ ಸೀಳಿಕೊಂಡು ನಲವತ್ತಕ್ಕೂ ಮೇಲ್ಪಟ್ಟು ಕಿಲೋಮೀಟರು ಸಾಗಬೇಕು. 2011ರ ಜನಗಣತಿಯ ಪ್ರಕಾರ ದೇಶದ ನೂರು ಮನೆಗಳಲ್ಲಿ 21ರಲ್ಲಿ ದ್ವಿಚಕ್ರ ವಾಹನವಿತ್ತು. ಕಾರು ಇದ್ದದ್ದು ಐದಕ್ಕಿಂತ ಕಡಿಮೆ ಮನೆಗಳಲ್ಲಿ. ದಾರಿಯನ್ನು ಯಾರಿಗಾಗಿ ಹಾಕಿದರು ಎಂಬುದಕ್ಕೆ ಬೇರೆ ಲೆಕ್ಕ ಬೇಡ.

ಇನ್ನು ಚೀಟಿ. ಇದು ಗುಮಾಸ್ತನಾದ ನನಗೆ ಪ್ರಿಯವಾದ ಭಾಗ, ವಾಚಕರು ಸೈರಿಸಬೇಕು. ವಿಮಾನ ನಿಲ್ದಾಣಗಳ ದರಗಳನ್ನು ನೋಡಿಕೊಳ್ಳಲು 2008ರ ಕಾಯಿದೆಯಿಂದ ಒಂದು ನಿಯಂತ್ರಣ ಪ್ರಾಧಿಕಾರ ಬಂತು. ವಿಮಾನ ಇಳಿಸುವುದಕ್ಕೆ, ನಿಲ್ಲಿಸುವುದಕ್ಕೆ ನಿಲ್ದಾಣದವರು ಕೇಳುವ ದರವನ್ನು ಅದು ನಿಗದಿ ಮಾಡುತ್ತದೆ. ಆದರೆ ನಮ್ಮ ಗಾಡಿ ನಿಲ್ಲಿಸುವುದು ‘ವೈಮಾನಿಕ ಸೇವೆ’ಯಲ್ಲ, ಅಂಗಡಿ, ಹೋಟೆಲು, ಜಾಹೀರಾತುಗಳ ಸಾಲಿನಲ್ಲಿ ಅದು ಇತರ ವರಮಾನ. 2016ರ ವಿಮಾನಯಾನ ನೀತಿಯಲ್ಲಿ ಇಂಥ ವರಮಾನದ ನೂರಕ್ಕೆ 30 ಭಾಗವನ್ನು ಮಾತ್ರ ಪ್ರಯಾಣಿಕರ ದರ ಇಳಿಸಲು ಲೆಕ್ಕಕ್ಕೆ ಹಿಡಿಯಬೇಕೆಂದಾಯಿತು. ಎಂದರೆ ಏರ್‌ಬಸ್ ನಿಲ್ಲಿಸುವವನ ದರಕ್ಕೆ ಕೇಳುವವರಿದ್ದಾರೆ, ಎಜ್ದಿ ನಿಲ್ಲಿಸುವವನ ದರಕ್ಕೆ ಹಾಗಿಲ್ಲ. ಬೇಗಂಪೇಟೆಯ ಕಾಲದಲ್ಲಿ ಗಾಡಿ ಬಿಡುವುದು ಸಿನಿಮಾ ಮಂದಿರದ ಸೈಕಲ್ ಸ್ಟ್ಯಾಂಡಿನಂಥ ಒಂದು ಅನುಕೂಲ. ಈಗ ಅದೊಂದು ಆದಾಯದ ಬಾಬು.

ಚೀಟಿಯ ಬೆನ್ನ ಮೇಲೆ ‘ವಾಹನ ಮಾಲೀಕರ ಜವಾಬ್ದಾರಿ’ ಎಂದು ಅಚ್ಚು ಹಾಕುವ ಪದ್ಧತಿಯೂ ಹಳೆಯದೇ. ದೆಹಲಿಯ ಹೋಟೆಲೊಂದರಲ್ಲಿ ಕೀಲಿಕೈ ಕೊಟ್ಟು ಬಿಟ್ಟ ಕಾರು 1998ರಲ್ಲಿ ಕಳುವಾದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದದ್ದು 2019ರ ನವೆಂಬರಿನಲ್ಲಿ. ಹಾಗೆ ಒಪ್ಪಿಸಿಕೊಂಡವನು ಕಾಗದದಲ್ಲಿ ಹೀಗೆ ಬರೆದ ಮಾತ್ರಕ್ಕೆ ತನ್ನ ಅಲಕ್ಷ್ಯದ ಹೊಣೆಯಿಂದ ಜಾರಿಕೊಳ್ಳಲಾಗದು ಎಂದಿತು ನ್ಯಾಯಾಲಯ. ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗುವ ನಮ್ಮಂಥವರಿಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೋ, ಸಂಘದ ವಕೀಲ ಮಿತ್ರರು ಹೇಳಬೇಕು. ಪ್ರವಾಸ ಭತ್ಯೆಯ ವಿಷಯದಲ್ಲಿ ಮಾತ್ರ ಸರ್ಕಾರ ನಮ್ಮನ್ನು ಮರೆತಿಲ್ಲ: 2017ರ ಆದೇಶದಲ್ಲಿ ಸ್ವಂತ ಕಾರಿಗೆ ಕಿಲೋಮೀಟರಿಗೆ 24 ರೂಪಾಯಿ, ಸ್ವಂತ ಸ್ಕೂಟರಿಗೆ 12. ನಾಲ್ಕು ಚಕ್ರದ ಅರ್ಧ ಎರಡು ಚಕ್ರ, ಗಣಿತ ಸರಿಯಾಗಿದೆ.

ಮೂರನೆಯ ಪುಷ್ಪಕ ಈಗ ಬಂತು. ಶಂಷಾಬಾದಿಗೆ ಹೋಗಿ ಬರುವ ರಸ್ತೆ ಸಾರಿಗೆಯ ಹವಾನಿಯಂತ್ರಿತ ಬಸ್ಸಿಗೆ ‘ಪುಷ್ಪಕ್’ ಎಂದೇ ಹೆಸರು.

2023ರಲ್ಲಿ ಅಮ್ಮನ ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ನನ್ನ ತಂಗಿ ಸಿಂಗಪುರದಿಂದ ಬಂದಳು. ಕಾರು ಮಾಡಿಕೊಂಡು ಬಾ ಎಂದು ಮನೆಯಲ್ಲಿ ಹೇಳಿದರೂ, ತಂದೆಯಿದ್ದಿದ್ದರೆ ಹೇಗೆ ಹೋಗುತ್ತಿದ್ದರೋ ಹಾಗೆಯೇ ಹೋಗುತ್ತೇನೆಂದು ನಾನು ಹಟ ಹಿಡಿದು ನನ್ನ ಮೋಟಾರ್ ಸೈಕಲ್ಲಿನಲ್ಲಿಯೇ ಹೊರಟೆ. ಒಂದೂವರೆ ಗಂಟೆಯ ಮೇಲಾಯಿತು. ದ್ವಿಚಕ್ರದ ಜಾಗ ಹುಡುಕಿ, ಗಾಡಿ ಬಿಟ್ಟು, ಅಲ್ಲಿಂದ ನಡೆದು ಟರ್ಮಿನಲ್ಲಿನ ಎದುರು ನಿಂತೆ. ಅವಳು ಹೊರಬಂದಳು, ಎರಡು ದೊಡ್ಡ ಪೆಟ್ಟಿಗೆಗಳೊಂದಿಗೆ. ಒಂದರಲ್ಲಿ ಅಮ್ಮನಿಗೆಂದು ತಂದ ಮಡಿಚುವ ವಾಕರ್. ಚಿಕ್ಕಪ್ಪನ ಪ್ಲಾಸ್ಟಿಕ್ ಚೀಲ ನನ್ನ ಕಣ್ಣಮುಂದೆ ಬಂತು.

“ಅಣ್ಣಾ, ಇದನ್ನೆಲ್ಲ ಎಲ್ಲಿ ಇಡ್ತೀಯೋ?” ಎಂದು ನಕ್ಕಳು. ಇಡಲು ಎಲ್ಲಿಯೂ ಇರಲಿಲ್ಲ. ಅವಳನ್ನೂ ಪೆಟ್ಟಿಗೆಗಳನ್ನೂ ಜೆ.ಎನ್.ಟಿ.ಯು. ಕಡೆಯ ಪುಷ್ಪಕ್ ಬಸ್ಸಿಗೆ ಹತ್ತಿಸಿದೆ. ಓಡಿಹೋಗಿ ಗಾಡಿ ತೆಗೆದು, ಚೀಟಿಯ ದುಡ್ಡು ಕೊಟ್ಟು ಹಿಂದೆಯೇ ಹೊರಟೆ. ಸ್ವಲ್ಪ ದೂರ ಬಸ್ಸು ಕಾಣುತ್ತಿತ್ತು. ಅವಳು ಹಿಂದಿನ ಗಾಜಿನಲ್ಲಿ ಕೈಯಾಡಿಸಿದಂತೆಯೂ ಇತ್ತು. ಆಮೇಲೆ ಬಸ್ಸು ಹೊರವರ್ತುಲ ರಸ್ತೆಗೆ ಏರಿತು. ನಾನು ಕೆಳಗೆ ಉಳಿದೆ.

ನಾನು ಜೆ.ಎನ್.ಟಿ.ಯು. ಮುಟ್ಟುವಷ್ಟರಲ್ಲಿ ಅವಳು ಪೆಟ್ಟಿಗೆಯ ಮೇಲೆ ಕೂತು ಮುಕ್ಕಾಲು ಗಂಟೆ ಕಾದಿದ್ದಳು. ಪಕ್ಕದ ಗೂಡಂಗಡಿಯಲ್ಲಿ ಎರಡು ಚಹಾ ಕುಡಿದೆವು. ಪೆಟ್ಟಿಗೆಗಳನ್ನು ಆಟೋದಲ್ಲಿ ಹಾಕಿ, ಜೀಡಿಮೆಟ್ಲಾದ ವಿಳಾಸ ಹೇಳಿ, ಆಟೋದ ಹಿಂದೆಯೇ ಹೊರಟೆವು. ಅವಳು ನನ್ನ ಹಿಂದಿನ ಸೀಟಿನಲ್ಲಿ ಕೂತಿದ್ದಳು.